ಪಂಪು ಅವರದು, ಬಿಲ್ಲು ಮಾತ್ರ ನಮ್ಮದೇ?



ನಿಮ್ಮ ಗಾಡಿಯ ವಾರಂಟಿ ಪುಸ್ತಕವನ್ನು ಎಂದಾದರೂ ಓದಿದ್ದೀರಾ? ಇಲ್ಲ. ನಾನೂ ಓದಿರಲಿಲ್ಲ. ಗಾಡಿ ತಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಹಾರ ಹಾಕಿ, ಆ ಪುಸ್ತಕವನ್ನು ಡ್ಯಾಶ್‌ಬೋರ್ಡಿನ ಗೂಡಿಗೆ ತುರುಕಿಬಿಡುತ್ತೇವೆ. ಅದು ಮತ್ತೆ ಹೊರಬರುವುದು ಗಾಡಿ ಕೈಕೊಟ್ಟ ದಿನ!

ನಮ್ಮ ಬೀದಿಯ ಹುಡುಗನೊಬ್ಬ ಸಾಲ ಮಾಡಿ 11 ಲಕ್ಷಕ್ಕೆ ಡೀಸೆಲ್ ಟ್ಯಾಕ್ಸಿ ಕೊಂಡ. ಒಂದು ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ, ದಾಬಸ್‌ಪೇಟೆ ದಾಟುತ್ತಿದ್ದಂತೆ, ಓಡುತ್ತಿದ್ದ ಗಾಡಿ ಸುಮ್ಮನೆ ನಿಂತುಹೋಯಿತು. ಓಡಿದ್ದು 70,000 ಕಿಲೋಮೀಟರ್. ವಾರಂಟಿ ಇದ್ದದ್ದು 1 ಲಕ್ಷಕ್ಕೆ. ಸರ್ವೀಸ್ ಸೆಂಟರಿನವರು ಮೂರು ದಿನ ಬಿಟ್ಟು ಹೇಳಿದರು: "ಹೈ ಪ್ರೆಶರ್ ಪಂಪ್ ಹೋಗಿದೆ. ನೀವು ಹಾಕಿಸಿದ ಡೀಸೆಲ್ ಸರಿಯಿಲ್ಲ. ವಾರಂಟಿ ಬರಲ್ಲ." ಪಂಪು, ರೈಲು, ನಾಲ್ಕು ಇಂಜೆಕ್ಟರು, ಟ್ಯಾಂಕು ತೊಳೆಯುವ ಕೂಲಿ ಎಲ್ಲ ಸೇರಿ 1,60,000 ರೂಪಾಯಿ. ಬಂಕಿಗೆ ಓಡಿದ. "ದಿನಾ ಇಷ್ಟೊಂದು ಗಾಡಿ ಹಾಕಿಸ್ಕೊಂಡು ಹೋಗ್ತವೆ, ನಿಂದೊಂದೇ ಕೆಟ್ಟಿತೇನಪ್ಪಾ?" ಅಂದರು. ಇವರು ಅವರತ್ತ, ಅವರು ಇವರತ್ತ ಕೈತೋರಿಸಿದರು. ಕಂತು ಕಟ್ಟುವ ತಾರೀಕು ಮಾತ್ರ ಯಾರನ್ನೂ ಕೇಳದೆ ಬಂತು.

ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಗಾಡಿ ಬಿಟ್ಟ ದಿನವೇ ಜಾಬ್ ಕಾರ್ಡಿಗೆ ಅವನ ಸಹಿ ಹಾಕಿಸಿಕೊಂಡಿದ್ದರು. ಇಂಧನ ಕಲುಷಿತವಾಗಿದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಗಾಡಿಯ ಬಾನೆಟ್ಟನ್ನೇ ಇನ್ನೂ ಎತ್ತಿರಲಿಲ್ಲ! ಎಂಟನೇ ಕ್ಲಾಸು ಕನ್ನಡ ಶಾಲೆಯಲ್ಲಿ ಓದಿದ ಹುಡುಗ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿ ಬಂದಿದ್ದ.

ಕೆಟ್ಟ ಡೀಸೆಲಿನಿಂದ ಪಂಪು ಸಾಯುವುದೇ ಇಲ್ಲವೇ? ಸಾಯುತ್ತದೆ, ಸುಳ್ಳು ಹೇಳಬಾರದು. ಹಳೆಯ ಲಾರಿಗಳ ಇನ್‌ಲೈನ್ ಪಂಪಿಗೆ ಎಂಜಿನ್ ಆಯಿಲ್ಲಿನ ಆಸರೆ ಇತ್ತು. ಈಗಿನ ಕಾಮನ್ ರೈಲ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಡೀಸೆಲ್ಲೇ ಜೀವ. ನೀರು ಸೇರಿದರೆ, ಸೀಮೆಎಣ್ಣೆ ಬೆರೆತರೆ ಒಳಗಿನ ಉಕ್ಕು ಉಕ್ಕನ್ನೇ ತಿನ್ನುತ್ತದೆ. ಆ ಪುಡಿ ಇಂಜೆಕ್ಟರಿನಿಂದ ಟ್ಯಾಂಕಿನವರೆಗೆ ಹರಡುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲಿನಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಗಂಧಕ ತೆಗೆಯುವಾಗ ಸಹಜವಾದ ಜಿಡ್ಡುಗುಣವೂ ಹೋಗುತ್ತದೆ, ಅದನ್ನು ರಿಫೈನರಿಯಲ್ಲಿ ಬೇರೆ ರಾಸಾಯನಿಕ ಬೆರೆಸಿ ತುಂಬಬೇಕು. ಇದರಲ್ಲಿ ಯಾವುದನ್ನು ಟ್ಯಾಕ್ಸಿಯವನು ಕಣ್ಣಲ್ಲಿ ನೋಡಿ ತಿಳಿಯಬೇಕು?

ಪಂಪೇ ದುರ್ಬಲವಾಗಿದ್ದರೆ? ಅಮೆರಿಕದ ಕಥೆ ಕೇಳಿ. ಬಾಷ್ ಕಂಪನಿಯ ಸಿ.ಪಿ. 4 ಎಂಬ ಪಂಪು ಅಲ್ಲಿನ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಸರಣಿಯಾಗಿ ಕೆಟ್ಟಿತು. ಡೀಸೆಲ್ ಕಲುಷಿತ ಎಂದು ಅಲ್ಲಿಯೂ ಎಷ್ಟೋ ಮಂದಿಯ ವಾರಂಟಿ ನಿರಾಕರಿಸಿದರು. ಅವರು ಸುಮ್ಮನಿರಲಿಲ್ಲ, ಒಟ್ಟಾಗಿ ಕೋರ್ಟಿಗೆ ಹೋದರು. ಅಮೆರಿಕದ ಡೀಸೆಲಿಗೆ ಈ ಪಂಪು ಹೊಂದುವುದೇ ಇಲ್ಲ ಎಂಬುದು ಅವರ ವಾದ. ಅಲ್ಲಿನ ಮಾನದಂಡದಲ್ಲಿ ಸವೆತದ ಗುರುತು 520 ಮೈಕ್ರಾನ್‌ವರೆಗೆ ನಡೆಯುತ್ತದೆ, ಯೂರೋಪಿನಲ್ಲಿ 460ಕ್ಕೆ ನಿಲ್ಲಬೇಕು. 2021ರಲ್ಲಿ ರ‍್ಯಾಮ್ ಟ್ರಕ್ಕಿನವರು 2 ಲಕ್ಷಕ್ಕೂ ಹೆಚ್ಚು ಗಾಡಿ ವಾಪಸು ಕರೆದು, ಸಿ.ಪಿ. 4 ಕಿತ್ತು ಹಳೆಯ ಸಿ.ಪಿ. 3 ಕೂರಿಸಿಕೊಟ್ಟರು. 2024ರಲ್ಲಿ ಜನರಲ್ ಮೋಟಾರ್ಸ್ 5 ಕೋಟಿ ಡಾಲರಿನ ರಾಜಿಗೆ ಒಪ್ಪಿತು. ತಪ್ಪು ಮಾಡಿದ್ದೇವೆ ಎಂದು ಮಾತ್ರ ಒಪ್ಪಲಿಲ್ಲ, ದೊಡ್ಡವರ ಪದ್ಧತಿಯೇ ಹಾಗೆ!

ಡೀಸೆಲ್ ಪಂಪು ಬೆಂಗಳೂರಿಗೆ ಹೊಸದೂ ಅಲ್ಲ. ಮೈಕೋ ಲೇಔಟ್ ಎನ್ನುತ್ತೀರಲ್ಲ, ಆ ಮೈಕೋ ಆಡುಗೋಡಿಯಲ್ಲಿ ದಶಕಗಳ ಕಾಲ ಪಂಪು ಮಾಡಿದ ಕಾರ್ಖಾನೆ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಪಂಪು ಕಟ್ಟುವುದನ್ನು ಕಲಿತ ಊರಿನ ಹುಡುಗ ಅದು ಕೆಟ್ಟಾಗ ಬೆಪ್ಪನಂತೆ ನಿಲ್ಲಬೇಕೇ?

ಕಾನೂನಿದೆ, ಕೇಳುವವರಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ತಯಾರಕರ ಊರಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಗಾಡಿಗೆ ಕೊಟ್ಟದ್ದು 10ರಿಂದ 20 ಲಕ್ಷವಾದರೆ ಶುಲ್ಕ 400 ರೂಪಾಯಿ. "ಟ್ಯಾಕ್ಸಿ ಅಂದರೆ ವ್ಯಾಪಾರ, ನೀನು ಗ್ರಾಹಕನೇ ಅಲ್ಲ" ಎಂದು ಹೆದರಿಸುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನೂ ಗ್ರಾಹಕನೇ ಎಂದು ಅದೇ ಕಾಯ್ದೆ ಬಿಡಿಸಿ ಹೇಳಿದೆ. ಪರೀಕ್ಷಿಸದೆ ದೋಷ ತಿಳಿಯದಿದ್ದರೆ ಆಯೋಗ ಮಾದರಿಯನ್ನು ಲ್ಯಾಬಿಗೆ ಕಳಿಸಬಹುದು. ಆದರೆ ಕಳಿಸಲು ಮಾದರಿ ಉಳಿದಿರಬೇಕಲ್ಲ! ಫಿಲ್ಟರ್ ಬಿಚ್ಚುವಾಗ ಎದುರಿಗೆ ನಿಲ್ಲಿ, ಫೋಟೋ ತೆಗೆಯಿರಿ. ಡೀಸೆಲನ್ನು ಎರಡು ಬಾಟಲಿಗೆ ತುಂಬಿ ಸೀಲು ಮಾಡಿಸಿ, ಅವರ ಸಹಿ ಹಾಕಿಸಿ, ಒಂದನ್ನು ಮನೆಗೆ ತನ್ನಿ. ಬಂಕಿನ ಬಿಲ್ಲು ಎಸೆಯಬೇಡಿ. ಓದಲಾಗದ ಕಾಗದಕ್ಕೆ ಸಹಿ ಹಾಕಲೇಬೇಡಿ, "ಕನ್ನಡದಲ್ಲಿ ಬರೆದು ಕೊಡಿ" ಎಂದು ಕೂತುಬಿಡಿ. ಹಾಕಲೇಬೇಕಾಗಿ ಬಂದರೆ "ಒಪ್ಪಿಲ್ಲ" ಎಂದು ಕನ್ನಡದಲ್ಲಿ ಬರೆದು ಕೆಳಗೆ ಹಾಕಿ.

ಇನ್ನೊಂದು ಮಾತು ಕೌಂಟರಿನ ಆಚೆ ಕೂತ ಗೆಳೆಯನಿಗೆ. ಡಿಪ್ಲೊಮಾ ಮಾಡಿ, ಟೈ ಕಟ್ಟಿಕೊಂಡು, ಸರ್ವೀಸ್ ಅಡ್ವೈಸರ್ ಆಗಿರುವ ನೀನೂ ಕನ್ನಡದವನೇ. ಮೇಲಿನವರ ಒತ್ತಡ ನಿನಗಿದೆ, ಗೊತ್ತು. ನಿನ್ನ ಕೆಲಸ ಹೋಗಲಿ ಎಂದು ಯಾರೂ ಬಯಸುವುದಿಲ್ಲ. ಆದರೆ ಬಾನೆಟ್ ಎತ್ತುವ ಮೊದಲೇ ಕಾರಣ ಬರೆಯುವ ಪೆನ್ನು ನಿನ್ನ ಕೈಯಲ್ಲಿದೆ. ನಿನ್ನ ಅಣ್ಣನೋ ಮಾವನೋ ಎದುರಿಗೆ ನಿಂತಿದ್ದರೆ ಆ ಸಾಲನ್ನು ಬರೆಯುತ್ತಿದ್ದೆಯಾ?

ನಮ್ಮ ಬೀದಿಯ ಹುಡುಗನ ಬಳಿ ಡೀಸೆಲ್ ಬಾಟಲಿಯಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಫೋನಿನಲ್ಲಿ ದುಡ್ಡು ಕಟ್ಟಿದ ಬಂಕಿನ ಲೆಕ್ಕ ಪೂರ್ತಿ ಉಳಿದಿದೆ, ಆರು ತಿಂಗಳಿಂದ ಅದೇ ಬಂಕು. ಕನ್ನಡದಲ್ಲೇ ದೂರು ಬರೆದು ಆಯೋಗಕ್ಕೆ ಕೊಟ್ಟಿದ್ದಾನೆ. ವಿಚಾರಣೆಯ ದಿನ ನಾವು ಹತ್ತು ಜನ ಹೋಗುತ್ತೇವೆ. ಅವನು ಸರ್ವೀಸ್ ಸೆಂಟರಿನವರಿಗೆ ಕೇಳಲಿರುವ ಮೊದಲ ಪ್ರಶ್ನೆ: ನನ್ನ ಗಾಡಿಯಿಂದ ಬಿಚ್ಚಿದ ಫಿಲ್ಟರ್ ಎಲ್ಲಿದೆ?