ಎರಡು ಬಗೆಯ ದಾಹ

ಶಾಲೆಯಲ್ಲಿ ಇಂಗ್ಲಿಷ್ ಕಲಿತ ಕನ್ನಡಿಗರಲ್ಲಿ ಡ್ಯಾಫೊಡಿಲ್ ಹೂವಿನ ಪದ್ಯವನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ. ಆ ಹೂವನ್ನು ಕಣ್ಣಾರೆ ಕಂಡವರು ಕೆಲವರೇ. ಹಳದಿ ಬಣ್ಣದ್ದೆಂದು ಉಪಾಧ್ಯಾಯರು ಹೇಳಿದರು. ಹುಡುಗರು ಸೇವಂತಿಗೆಯನ್ನೋ ಚೆಂಡುಹೂವನ್ನೋ ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಪರೀಕ್ಷೆಯಲ್ಲಿ ಸಾರಾಂಶ ಬರೆದರು. ಆದರೆ ಆ ಹೂವಿಗೂ ಒಂದು ಊರುಂಟು, ಒಂದು ದಡವುಂಟು. 1802ನೆಯ ಇಸವಿ ಏಪ್ರಿಲ್ 15ರಂದು, ಗಾಳಿ ಬಿರುಸಾಗಿದ್ದ ದಿನ, ವರ್ಡ್ಸ್‌ವರ್ತ್ ಕವಿಯೂ ಆತನ ತಂಗಿ ಡೊರೊಥಿಯೂ ಅಲ್ಸ್‌ವಾಟರ್ ಸರೋವರದ ಅಂಚಿನಲ್ಲಿ ನಡೆದು ಬರುತ್ತಿದ್ದಾಗ ಆ ಹೂಗಳು ಅವರ ಕಣ್ಣಿಗೆ ಬಿದ್ದವು. ತಂಗಿ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣನ ಪದ್ಯ 1807ರಲ್ಲಿ ಅಚ್ಚಾಯಿತು.

ಆ ದಡ ಇಂದಿಗೂ ಹೆಚ್ಚುಕಡಮೆ ಹಾಗೆಯೇ ಇದೆ. ವಸಂತದಲ್ಲಿ ಅಲ್ಲಿಗೆ ಹೋದವರು ಅದೇ ನೀರನ್ನೂ ಅದೇ ಹೂವನ್ನೂ ನೋಡಿ, ಪ್ರಕೃತಿಮಾತೆಯ ಕೃಪೆಯನ್ನು ಕೊಂಡಾಡಿ ಹಿಂದಿರುಗುತ್ತಾರೆ. ಪ್ರಕೃತಿಯ ಕೃಪೆಯೇನೋ ನಿಜ. ಆದರೆ ಇಂಗ್ಲೆಂಡಿನ ಸರೋವರಗಳು ಉಳಿದು ಬಂದಿರುವುದು ಕೇವಲ ಆ ಕೃಪೆಯಿಂದಲ್ಲ. ಅವುಗಳ ಹಿಂದೆ ನೂರೈವತ್ತು ವರ್ಷಗಳಿಗೂ ಮೀರಿದ ಒಂದು ವ್ಯಾಜ್ಯದ ಕಥೆಯಿದೆ. ಗಂಟಲಿನ ದಾಹಕ್ಕೂ ಕಣ್ಣಿನ ದಾಹಕ್ಕೂ ನಡೆದ ವ್ಯಾಜ್ಯವದು.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಕಂಬ್ರಿಯಾ ಸೀಮೆಯಲ್ಲಿ ಈ ಸರೋವರ ಪ್ರಾಂತವಿದೆ. ಹಿಂದೊಂದು ಕಾಲಕ್ಕೆ ಹಿಮನದಿಗಳು ಬೆಟ್ಟಗಳ ನಡುವೆ ಕಣಿವೆಗಳನ್ನು ಕೊರೆದವು. ಹಿಮ ಕರಗಿ ಹಿಂಜರಿದ ಮೇಲೆ ಆ ಕೊರಕಲುಗಳಲ್ಲಿ ನೀರು ನಿಂತಿತು. ಆದಕಾರಣ ಅಲ್ಲಿನ ಸರೋವರಗಳು ನಮ್ಮ ಕೆರೆಗಳಂತೆ ಅಗಲವಾಗಿ ಹರಡಿಕೊಂಡಿಲ್ಲ. ನೀಳವಾಗಿ, ಆಳವಾಗಿ, ಬೆಟ್ಟದ ಸಾಲುಗಳ ನಡುವೆ ಮಲಗಿಕೊಂಡಿವೆ. ನಡುವಿನ ಬೆಟ್ಟದ ಮೇಲೆ ನಿಂತು ನೋಡಿದರೆ ಕಣಿವೆಗಳು ಬಂಡಿಯ ಗಾಲಿಯ ಅರಗಳಂತೆ ಸುತ್ತಲೂ ಹಬ್ಬಿರುವುದು ಕಾಣುತ್ತದೆ. ಈ ಹೋಲಿಕೆ ವರ್ಡ್ಸ್‌ವರ್ತನದೇ. ಆತ ಈ ಪ್ರಾಂತಕ್ಕೆ ಒಂದು ಮಾರ್ಗದರ್ಶಿ ಪುಸ್ತಕವನ್ನು ಕೂಡ ಬರೆದಿದ್ದನು. 10 ಮೈಲಿಗೂ ಮಿಗಿಲಾದ ಉದ್ದವುಳ್ಳ ವಿಂಡರ್‌ಮಿಯರ್ ಇಂಗ್ಲೆಂಡಿನ ಸ್ವಾಭಾವಿಕ ಸರೋವರಗಳಲ್ಲಿ ದೊಡ್ಡದು. ಸುಮಾರು 250 ಅಡಿ ಆಳವಿರುವ ವಾಸ್ಟ್‌ವಾಟರ್ ಎಲ್ಲಕ್ಕಿಂತ ಆಳವಾದುದು. ಇಷ್ಟೆಲ್ಲ ಸರೋವರಗಳಿದ್ದರೂ ಹೆಸರಿನಲ್ಲಿ ‘ಲೇಕ್’ ಎಂಬ ಮಾತು ಸೇರಿರುವುದು ಬ್ಯಾಸೆಂತ್‌ವೇಟ್ ಒಂದಕ್ಕೆ ಮಾತ್ರ. ಉಳಿದವು ಹಳೆಯ ಊರಮಾತಿನಲ್ಲಿ ‘ಮಿಯರ್’ ಇಲ್ಲವೆ ‘ವಾಟರ್’ ಎನಿಸಿಕೊಳ್ಳುತ್ತವೆ.

ಲಂಡನ್ನಿನಿಂದ ರೈಲು ಹತ್ತಿದವರು ಆಕ್ಸನ್‌ಹೋಮ್ ನಿಲ್ದಾಣದಲ್ಲಿ ಗಾಡಿ ಬದಲಿಸಿ ಸುಮಾರು ಮೂರು ಗಂಟೆಗಳಲ್ಲಿ ವಿಂಡರ್‌ಮಿಯರ್ ಊರನ್ನು ಸೇರಬಹುದು. ಅಲ್ಲಿಂದ ಇಳಿಜಾರಿನಲ್ಲಿ ನಡೆದರೆ ಬೌನೆಸ್ ಎಂಬ ದಡದ ಊರು. ಅಲ್ಲಿ ದೋಣಿಗಳು, ಹಂಸಗಳು, ಐಸ್‌ಕ್ರೀಮ್ ಅಂಗಡಿಗಳು, ಮಕ್ಕಳ ಗದ್ದಲ. ನೌಕೆಯಲ್ಲಿ ಕುಳಿತು ಉತ್ತರದ ತುದಿಯ ಆಂಬಲ್‌ಸೈಡಿಗೆ ಹೋಗುವಾಗ ಬೆಟ್ಟಗಳು ಒಂದೊಂದಾಗಿ ಮುಂದೆ ಬಂದು ನಿಲ್ಲುತ್ತವೆ. ಅಲ್ಲಿಂದ ನಾಲ್ಕು ಮೈಲಿ ದೂರದಲ್ಲಿ ಗ್ರಾಸ್‌ಮಿಯರ್. 1799ರಿಂದ 1808ರವರೆಗೆ ಕವಿ ಬಾಳಿದ ಪುಟ್ಟ ಮನೆ ಅಲ್ಲಿ ಈಗಲೂ ಇದೆ. ಊರ ಇಗರ್ಜಿಯ ಅಂಗಳದಲ್ಲಿ ಆತನ ಸಮಾಧಿಯಿದೆ, ಹತ್ತಿರದಲ್ಲಿಯೇ ತಂಗಿಯದೂ ಇದೆ.

ವಿಚಿತ್ರವೆಂದರೆ, ಪ್ರವಾಸಿಗಳನ್ನು ಇಲ್ಲಿಗೆ ಕರೆತರುವ ಈ ರೈಲನ್ನು ಬರಗೊಡಬಾರದೆಂದು ಹಟ ಹಿಡಿದವನು ಅದೇ ಕವಿ. 1844ರಲ್ಲಿ ವಿಂಡರ್‌ಮಿಯರಿನ ಬಳಿಗೆ ರೈಲುದಾರಿ ಹಾಕುವ ಸೂಚನೆ ಹೊರಟಾಗ ವರ್ಡ್ಸ್‌ವರ್ತ್ ಪತ್ರಿಕೆಗೆ ಪತ್ರಗಳನ್ನು ಬರೆದನು; ಒಂದು ಸುನೀತವನ್ನೂ ಬರೆದನು. ಗಾಡಿಗಟ್ಟಲೆ ಜನ ಬಂದಿಳಿದರೆ ನೋಡಲು ಬಂದ ಸೊಬಗೇ ಅವರ ಕಾಲಡಿಯಲ್ಲಿ ಹಾಳಾಗುತ್ತದೆಂಬುದು ಆತನ ಭಯ. ಕಾರ್ಖಾನೆಯ ಕೆಲಸಗಾರರನ್ನು ಒಮ್ಮೆಗೇ ತಂದು ಸುರಿದರೆ ಅವರಿಗೂ ಪ್ರಯೋಜನವಾಗದು, ಸೌಂದರ್ಯವನ್ನು ಸವಿಯುವ ಅಭಿರುಚಿ ನಿಧಾನವಾಗಿ ಬೆಳೆಯತಕ್ಕದ್ದು ಎಂಬುದು ಆತನ ವಾದ. ಮಾರ್ಗದರ್ಶಿ ಬರೆದು ಜನರನ್ನು ಕರೆದವನೇ ಬಾಗಿಲು ಹಾಕುವುದೆಂದರೇನು ಎಂದು ನಕ್ಕವರೂ ಇದ್ದರು. 1847ರಲ್ಲಿ ರೈಲು ಬಂದೇ ಬಂದಿತು. ನಿಲ್ದಾಣವಾದ ಬರ್ತ್‌ವೇಟ್ ಎಂಬ ಹಳ್ಳಿ ಸರೋವರದ ಹೆಸರನ್ನೇ ಪಡೆದು ಪಟ್ಟಣವಾಯಿತು. ಕವಿಯ ಭಯ ಪೂರ್ತಿ ಸುಳ್ಳಾಗಲಿಲ್ಲ. ಆದರೆ ಕೆಲಸಗಾರರ ವಿಷಯದಲ್ಲಿ ಆತ ಹೇಳಿದ ಮಾತು ತಪ್ಪೆಂಬುದು ಮುಂದೆ ತಿಳಿದುಬಂದಿತು.

ಅದಕ್ಕೆ ಮೊದಲು ಇನ್ನೊಂದು ದೊಡ್ಡ ಪೆಟ್ಟು ಬೀಳಬೇಕಾಗಿತ್ತು. ದಕ್ಷಿಣಕ್ಕೆ ನೂರು ಮೈಲಿಯಷ್ಟು ದೂರದಲ್ಲಿ ಮ್ಯಾಂಚೆಸ್ಟರ್ ನಗರ ಹತ್ತಿಯ ಗಿರಣಿಗಳಿಂದ ಬೆಳೆಯುತ್ತಿತ್ತು. ಲಕ್ಷಾಂತರ ಜನರಿಗೆ ಕುಡಿಯಲು ಶುದ್ಧವಾದ ನೀರು ಬೇಕು. ಸರೋವರ ಪ್ರಾಂತದಲ್ಲಾದರೋ ಮಳೆಗೆ ಬರವಿಲ್ಲ. ಅಲ್ಲಿನ ಸೀತ್‌ವೇಟ್ ಎಂಬ ಹಳ್ಳಿ ಇಂಗ್ಲೆಂಡಿನ ಜನವಸತಿಗಳಲ್ಲೆಲ್ಲ ಅತ್ಯಧಿಕ ಮಳೆ ಬೀಳುವ ಸ್ಥಳ. ನಗರಸಭೆಯ ಕಣ್ಣು ತರ್ಲ್‌ಮಿಯರ್ ಸರೋವರದ ಮೇಲೆ ಬಿದ್ದಿತು. ಜಾನ್ ರಸ್ಕಿನ್ನರಂಥ ಲೇಖಕರು ಕಟುವಾಗಿ ಖಂಡಿಸಿದರು. ವಿರೋಧಿಸುವವರು ಸಂಘವನ್ನೂ ಕಟ್ಟಿದರು. ಆದರೂ 1879ರಲ್ಲಿ ಪಾರ್ಲಿಮೆಂಟು ಒಪ್ಪಿಗೆಯಿತ್ತಿತು. ಅಣೆಕಟ್ಟು ಎದ್ದು ನೀರಿನ ಮಟ್ಟ ಏರಿತು. ದಡದ ಹಳೆಯ ದಾರಿಗಳೂ ಮನೆಗಳೂ ಮುಳುಗಿದವು. 1894ರಲ್ಲಿ ನೀರು 96 ಮೈಲಿಗಳ ಕಾಲುವೆ, ಸುರಂಗ, ಕೊಳವೆಗಳ ಮೂಲಕ ಮ್ಯಾಂಚೆಸ್ಟರನ್ನು ತಲುಪಿತು. ದಾರಿಯುದ್ದಕ್ಕೂ ಒಂದೂ ಪಂಪು ಇಲ್ಲ; ಬೆಟ್ಟದಿಂದ ಬಯಲಿಗೆ ಇಳಿಜಾರಿನ ಬಲದಿಂದಲೇ ನೀರು ಹರಿಯುತ್ತದೆ. ಎಂಜಿನಿಯರುಗಳ ಜಾಣ್ಮೆಗೆ ತಲೆದೂಗಲೇಬೇಕು. ಗಿರಣಿಯ ಕೂಲಿಕಾರನ ಮಗು ಕುಡಿಯುವ ಲೋಟದ ನೀರನ್ನು ಬೇಡವೆನ್ನಲು ಯಾವ ಕವಿಗೂ ಬಾಯಿ ಬಾರದು. ಈ ವ್ಯಾಜ್ಯದ ಕಷ್ಟವಿರುವುದು ಅಲ್ಲಿಯೇ. ಇಲ್ಲಿ ಒಂದು ಕಡೆ ಧರ್ಮ, ಇನ್ನೊಂದು ಕಡೆ ಅಧರ್ಮವೆಂದು ಗೆರೆ ಎಳೆಯುವಂತಿಲ್ಲ.

ಸೋತವರು ಸುಮ್ಮನೆ ಕೂರಲಿಲ್ಲ. ಕೂಗಾಡಿದರೆ ಸಾಲದು, ನೆಲವನ್ನೇ ಕೊಂಡು ಎಲ್ಲರಿಗಾಗಿ ಕಾದಿಡಬೇಕೆಂಬ ಬುದ್ಧಿ ಬಂದಿತು. ಪಾದ್ರಿಗಳಾದ ಹಾರ್ಡ್‌ವಿಕ್ ರಾನ್ಸ್‌ಲಿ, ಬಡವರ ವಸತಿಗಾಗಿ ದುಡಿದ ಆಕ್ಟೇವಿಯಾ ಹಿಲ್, ವಕೀಲರಾದ ರಾಬರ್ಟ್ ಹಂಟರ್ ಈ ಮೂವರು ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಡರ್ವೆಂಟ್‌ವಾಟರ್ ಸರೋವರದ ದಡದಲ್ಲಿ ಬ್ರಾಂಡಲ್‌ಹೌ ಎಂಬ ಕಾಡುಭೂಮಿ ಮಾರಾಟಕ್ಕೆ ಬಂದಾಗ ಸಾರ್ವಜನಿಕರಿಂದ ಚಂದಾ ಎತ್ತಿದರು. ಆಗ ಬಂದ ಹಣದಲ್ಲಿ ಒಬ್ಬ ಕೂಲಿಕೆಲಸದವನು ಕಳಿಸಿದ ಎರಡು ಷಿಲಿಂಗುಗಳೂ ಇದ್ದವು. ತನ್ನ ಕೈಲಾಗುವುದು ಇಷ್ಟೇ, ಆದರೆ ಒಮ್ಮೆ ಕಂಡ ಡರ್ವೆಂಟ್‌ವಾಟರನ್ನು ಮರೆಯಲಾರೆನೆಂದು ಆತ ತಿಳಿಸಿದ್ದನು. ಕೆಲಸಗಾರನಿಗೆ ಸೌಂದರ್ಯದ ರುಚಿ ಬೇಗನೆ ಹತ್ತದೆಂದಿದ್ದ ಮಹಾಕವಿಗೆ ಆ ಎರಡು ಷಿಲಿಂಗುಗಳೇ ಉತ್ತರ. 1902ರಲ್ಲಿ ಬ್ರಾಂಡಲ್‌ಹೌ ಸಾರ್ವಜನಿಕರ ಸ್ವತ್ತಾಯಿತು. ಇಂದು ಕೆಸಿಕ್ ಪಟ್ಟಣದಿಂದ ದೋಣಿಯಲ್ಲಿ ಹೋಗುವ ಯಾರೂ ಅಲ್ಲಿ ಇಳಿದು ಮರಗಳ ಕೆಳಗೆ ನಡೆಯಬಹುದು. ಮಕ್ಕಳ ಕಥೆಗಳಿಂದ ಹೆಸರಾದ ಬಿಯಾಟ್ರಿಕ್ಸ್ ಪಾಟರ್ ತನ್ನ ಪುಸ್ತಕಗಳ ಸಂಪಾದನೆಯಿಂದ ಈ ಸೀಮೆಯ ಹೊಲಮನೆಗಳನ್ನು ಕೊಳ್ಳುತ್ತಾ ಹೋಗಿ, 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಮಿಗಿಲಾದ ನೆಲವನ್ನು ಅದೇ ಸಂಸ್ಥೆಗೆ ಬಿಟ್ಟುಹೋದಳು.

ಅಷ್ಟರಲ್ಲಿ ಗಂಟಲಿನ ದಾಹ ಮತ್ತೊಮ್ಮೆ ಗೆದ್ದಿತ್ತು. ಹಾಸ್‌ವಾಟರ್ ಸರೋವರವನ್ನು ಜಲಾಶಯವನ್ನಾಗಿ ಮಾಡಲು ಮ್ಯಾಂಚೆಸ್ಟರಿಗೆ 1919ರಲ್ಲಿ ಅನುಮತಿ ದೊರೆತು, 1929ರಲ್ಲಿ ಕಟ್ಟೆಯ ಕೆಲಸ ಮೊದಲಾಯಿತು. ಕಣಿವೆಯ ಮಾರ್ಡೇಲ್ ಹಳ್ಳಿ ಮುಳುಗಡೆಗೆ ಒಳಗಾಯಿತು. ಇಗರ್ಜಿಯ ಅಂಗಳದಲ್ಲಿ ಮಲಗಿದ್ದ ಹಿರಿಯರ ಅಸ್ಥಿಗಳನ್ನು ತೆಗೆದು ಷಾಪ್ ಎಂಬ ಊರಿನಲ್ಲಿ ಮತ್ತೆ ಮಣ್ಣುಮಾಡಿದರು. 1935ರಲ್ಲಿ ಆ ಇಗರ್ಜಿಯಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಅನಂತರ ಮನೆಗಳನ್ನು ಕೆಡವಿದರು, ನೀರು ಏರಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ, 1984ರಲ್ಲಿ ಆದಂತೆ, 1995ರಲ್ಲಿ ಆದಂತೆ, ನೀರು ಇಳಿದು ಹಳ್ಳಿಯ ಗೋಡೆಗಳೂ ಹಳೆಯ ಸೇತುವೆಯೂ ಮೇಲೆ ಕಾಣಿಸಿಕೊಳ್ಳುತ್ತವೆ. ಆಗ ಜನ ತಂಡತಂಡವಾಗಿ ನೋಡಲು ಬರುತ್ತಾರೆ. ಒಂದು ಕಾಲದಲ್ಲಿ ಯಾರದೋ ಅಡುಗೆಮನೆಯ ಗೋಡೆಯಾಗಿದ್ದುದು ಈಗ ಪ್ರವಾಸಿಗಳ ನೋಟವಾಗಿದೆ.

1951ರಲ್ಲಿ ಇಡೀ ಪ್ರಾಂತವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಇನ್ನು ಭಯವಿಲ್ಲವೆಂದು ಜನ ಭಾವಿಸಿರಬಹುದು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಮ್ಯಾಂಚೆಸ್ಟರ್ ಮತ್ತೆ ಬಂದಿತು. ಈ ಸಲ ಅದು ಕೇಳಿದ್ದು ಅಲ್ಸ್‌ವಾಟರನ್ನು, ಎಂದರೆ ಡ್ಯಾಫೊಡಿಲ್‌ಗಳ ಸರೋವರವನ್ನೇ. 1962ರ ಫೆಬ್ರವರಿ 8ರಂದು ಮಸೂದೆ ಪ್ರಭುಗಳ ಸಭೆಯ ಮುಂದೆ ಬಂದಾಗ ಬರ್ಕೆಟ್ ಪ್ರಭುಗಳು ವಿರೋಧಿಸಲು ಎದ್ದು ನಿಂತರು. ಅದೇ ಸೀಮೆಯ ಅಲ್ವರ್‌ಸ್ಟನ್ನಿನಲ್ಲಿ ಹುಟ್ಟಿ ಬೆಳೆದು, ವಕೀಲರಾಗಿಯೂ ನ್ಯಾಯಾಧೀಶರಾಗಿಯೂ ಕೀರ್ತಿ ಪಡೆದಿದ್ದ ವೃದ್ಧರು ಅವರು. ಅವರ ಭಾಷಣ ಮುಗಿದು ಮತ ಎಣಿಸಿದಾಗ, ಸರೋವರವನ್ನು ಕುರಿತ ಭಾಗವನ್ನು 70 ಮತಗಳು ತಿರಸ್ಕರಿಸಿದ್ದವು. ಪರವಾಗಿ ಬಿದ್ದವು 36. ಎರಡು ದಿನಗಳ ಮೇಲೆ, ಫೆಬ್ರವರಿ 10ರಂದು, ಬರ್ಕೆಟ್ ತೀರಿಕೊಂಡರು. ಆ ಸರೋವರದ ಸಮೀಪದ ಹೆಸರಿಲ್ಲದ ಒಂದು ಬೆಟ್ಟಕ್ಕೆ ಅವರ ಹೆಸರನ್ನಿಟ್ಟರು.

ಕಥೆ ಇಲ್ಲಿಗೇ ಮುಗಿದಿದ್ದರೆ ಕಣ್ಣಿನ ದಾಹ ಗೆದ್ದಿತೆಂದು ಬರೆದು ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ನಗರದ ಬಾಯಾರಿಕೆ ಮತಗಳಿಂದ ತಣಿಯುವುದಿಲ್ಲ. ಕೆಲವು ವರ್ಷಗಳ ಮೇಲೆ ಒಂದು ರಾಜಿ ಏರ್ಪಟ್ಟಿತು. ಅಲ್ಸ್‌ವಾಟರಿನಿಂದ ಮಿತಿಯರಿತು ನೀರನ್ನು ಸೆಳೆಯಬಹುದು. ಕಟ್ಟೆ ಕಟ್ಟಿ ಸರೋವರದ ರೂಪವನ್ನು ಕೆಡಿಸಕೂಡದು. ಪಂಪುಮನೆ ಕಣ್ಣಿಗೆ ಬೀಳದಂತೆ ನೆಲದೊಳಗೆ ಇರತಕ್ಕದ್ದು. ಹಾಗೆಯೇ ಆಯಿತು. 1877ರಲ್ಲಿ ನೀರಿಗಿಳಿದ ‘ಲೇಡಿ ಆಫ್ ದಿ ಲೇಕ್’ ನೌಕೆಯಲ್ಲಿ ಇಂದು ವಿಹರಿಸುವವರಿಗೆ ಬೆಟ್ಟ, ಕಾಡು, ನೀರು ಇಷ್ಟೇ ಕಾಣುತ್ತವೆ. ದಡದ ಹುಲ್ಲಿನ ಕೆಳಗೆ ಯಂತ್ರಗಳು ನಗರಕ್ಕೆ ನೀರು ಕಳಿಸುತ್ತಿರುತ್ತವೆ.

2017ರಲ್ಲಿ ಯುನೆಸ್ಕೊ ಈ ಪ್ರಾಂತವನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಆದರೂ ಕಾವಲು ಬಿಡುವ ಹಾಗಿಲ್ಲ. ವಿಂಡರ್‌ಮಿಯರಿನಲ್ಲಿ ಯಂತ್ರದೋಣಿಗಳ ಅಬ್ಬರ ಮಿತಿಮೀರಿದ್ದರಿಂದ 2005ರಲ್ಲಿ ಗಂಟೆಗೆ 10 ನಾಟಿಕಲ್ ಮೈಲಿಗಳ ವೇಗಮಿತಿಯನ್ನು ಹೇರಬೇಕಾಯಿತು. ಇತ್ತೀಚಿನ ವರ್ಷಗಳಲ್ಲಿ ಬೇಸಿಗೆ ಬಂತೆಂದರೆ ಅದೇ ನೀರಿನಲ್ಲಿ ಹಸಿರು ಪಾಚಿ ಏಳುತ್ತದೆ. ಚರಂಡಿಯ ಕೊಳೆನೀರು ಸರೋವರಕ್ಕೆ ಸೇರಬಾರದೆಂದು ಜನ ಫಲಕ ಹಿಡಿದು ದಡದಲ್ಲಿ ನಿಲ್ಲುತ್ತಿದ್ದಾರೆ. ಹಿಂದೆ ನಗರಗಳು ನೀರನ್ನು ಒಯ್ಯುತ್ತವೆಂಬ ಅಂಜಿಕೆ ಇತ್ತು. ಈಗ ನೋಡಲು ಬಂದವರೂ ನೆಲಸಿದವರೂ ಬಿಟ್ಟುಹೋಗುವುದರ ಅಂಜಿಕೆ.

ಮಕ್ಕಳೊಡನೆಯೋ ಮಕ್ಕಳಿರುವ ಊರಿಗೋ ಇಂಗ್ಲೆಂಡಿಗೆ ಹೋಗಿಬರುವ ಕುಟುಂಬಗಳು ಈಗ ನಮ್ಮಲ್ಲಿ ಬಹಳವಿವೆ. ಲಂಡನ್ನಿನ ಅರಮನೆಗಳನ್ನು ನೋಡಿ ಮುಗಿಸಿದ ಮೇಲೆ ನಾಲ್ಕು ದಿನ ಮಿಕ್ಕಿದ್ದರೆ ಅವರು ಉತ್ತರದ ರೈಲನ್ನು ಹತ್ತಬಹುದು. ಡ್ಯಾಫೊಡಿಲ್‌ಗಳನ್ನು ನೋಡುವ ಆಸೆಯಿದ್ದರೆ ಮಾರ್ಚಿ ಕೊನೆ, ಏಪ್ರಿಲ್ ಮೊದಲು ಸರಿಯಾದ ಸಮಯ. ಯಾವ ತಿಂಗಳಲ್ಲಿ ಹೋದರೂ ಮಳೆಯಂಗಿಯನ್ನು ಮರೆಯಬಾರದು. ನೆನೆದರೆ ಬೇಸರಪಡಬೇಕಾಗಿಯೂ ಇಲ್ಲ. ಆ ಮಳೆಯೇ ಸರೋವರ, ಆ ಮಳೆಯೇ ಮ್ಯಾಂಚೆಸ್ಟರಿನ ಮನೆಮನೆಯ ನಲ್ಲಿ. ಅಲ್ಸ್‌ವಾಟರಿನ ದಡದಲ್ಲಿ ನಿಂತಾಗ ಬಾಲ್ಯದ ಪದ್ಯ ತಾನಾಗಿಯೇ ನೆನಪಿಗೆ ಬರುತ್ತದೆ. ಆಗ ಎರಡು ಷಿಲಿಂಗು ಕಳಿಸಿದ ಆ ಹೆಸರಿಲ್ಲದ ಕೂಲಿಕಾರನನ್ನೂ ಒಂದು ಕ್ಷಣ ನೆನೆಯುವುದು ಉಚಿತ.