ಸಹಿ ಗುರುವಿನದು, ಮಾತು ಯಾರದು?

ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ಸ್ನಾತಕೋತ್ತರ ವೈದ್ಯಕೀಯ ತರಬೇತಿಗೆ, ಅರ್ಜಿ ಹಾಕುವ ನಮ್ಮ ಎಂಬಿಬಿಎಸ್ ಪದವೀಧರರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡುವಿಲ್ಲದ ಓಡಾಟ. ಕಲಿತ ಕಾಲೇಜಿಗೆ ಹೋಗಿ, ವಿಭಾಗದ ಮುಖ್ಯಸ್ಥರ ಕೊಠಡಿಯ ಮುಂದೆ ಕಾದು, ಶಿಫಾರಸು ಪತ್ರ ಕೇಳಬೇಕು. ಹಲವರಿಗೆ ಸಿಗುವ ಉತ್ತರ: ‘ನೀನೇ ಬರ್ಕೊಂಡು ಬಾ, ಸೈನ್ ಮಾಡಿ ಕೊಡ್ತೀನಿ’. ದೊಡ್ಡ ಉಪಕಾರವಾಯಿತು ಎಂದುಕೊಂಡೇ ಅವರು ಹೊರಬರುತ್ತಾರೆ. ಈ ರೂಢಿಯಿಂದ ಅತಿ ಹೆಚ್ಚು ನಷ್ಟವಾಗುತ್ತಿರುವುದು ಅವರಿಗೇ.

ಹೆಚ್ಚಿನ ಅರ್ಜಿಗಳು ಹೋಗುವುದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ನಡೆಸುವ ‘ಇರಾಸ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. ಒಂದೊಂದು ತರಬೇತಿ ಕಾರ್ಯಕ್ರಮಕ್ಕೂ ಗರಿಷ್ಠ 4 ಪತ್ರಗಳನ್ನು ಲಗತ್ತಿಸಬಹುದು. ಅಲ್ಲಿನ ವೈದ್ಯಕೀಯ ಪರವಾನಗಿಗೆ ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆಯ ಮೊದಲ ಹಂತಕ್ಕೆ ಹಿಂದೆ ಮೂರಂಕಿಯ ಅಂಕ ಸಿಗುತ್ತಿತ್ತು; 2022ರ ಜನವರಿಯಿಂದ ಪಾಸು ಅಥವಾ ಫೇಲು ಅಷ್ಟೇ. ಭಾರಿ ಅಂಕ ಗಳಿಸಿ ಕಣ್ಣಿಗೆ ಬೀಳುತ್ತಿದ್ದ ವಿದೇಶಿ ಪದವೀಧರರಿಗೆ ಒಂದು ಬಾಗಿಲು ಹಾಗೆ ಮುಚ್ಚಿತು. ಈಗ ಅವರ ಕೈಯಲ್ಲಿ ಉಳಿದಿರುವುದು ಎರಡನೇ ಹಂತದ ಅಂಕ, ಸಂದರ್ಶನ ಮತ್ತು ತಮ್ಮನ್ನು ಕಣ್ಣಾರೆ ಕಂಡವರ ಮಾತು.

ಆ ಮಾತು ಬರೆಯುವ ಅಭ್ಯಾಸ ನಮ್ಮ ಬೋಧಕರಿಗೆ ಇಲ್ಲ. ಅದಕ್ಕೆ ಕಾರಣವೂ ಇದೆ. ಇಲ್ಲಿ ಸ್ನಾತಕೋತ್ತರ ಸೀಟಿಗೆ ನಡೆಯುವ ನೀಟ್ ಪಿ.ಜಿ.ಯಲ್ಲಿ 200 ಪ್ರಶ್ನೆ, 800 ಅಂಕ. ಬಂದ ರ‍್ಯಾಂಕ್ ಹಿಡಿದು ಕೌನ್ಸೆಲಿಂಗ್‌ಗೆ ಹೋದರೆ ಆಯಿತು. ರೋಗಿಯ ಮಂಚದ ಪಕ್ಕದಲ್ಲಿ ಈತ ಹೇಗೆ ನಿಲ್ಲುತ್ತಾನೆ, ಸಾವಿನ ಸುದ್ದಿಯನ್ನು ಮನೆಯವರಿಗೆ ಹೇಗೆ ತಿಳಿಸುತ್ತಾನೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಈ ಪದ್ಧತಿಯಲ್ಲಿ ನ್ಯಾಯವಿದೆ. ಒಂದು ವರ್ಗಾವಣೆಗೂ ಶಾಸಕರ ಪತ್ರ ಹುಡುಕಿ ಹೊರಡುವ ನಾಡಿನಲ್ಲಿ, ಯಾರ ಪರಿಚಯವೂ ಇಲ್ಲದ ರೈತನ ಮಗಳಿಗೆ ಸೀಟು ಕೊಡಿಸುವುದು ರ‍್ಯಾಂಕ್ ಮಾತ್ರ. ಅದನ್ನು ಕೈಬಿಡಿ ಎಂದು ನಾನು ಹೇಳಲಾರೆ. ಆದರೆ ವಿದ್ಯಾರ್ಥಿಯನ್ನು ಗಮನಿಸಿ ನಾಲ್ಕು ಸಾಲು ಬರೆದಿಡುವ ಕೆಲಸ ಇದರಿಂದಾಗಿ ಯಾರ ಕೆಲಸವೂ ಅಲ್ಲದಂತಾಗಿದೆ.

ಹಾಗಾಗಿ ಇಲ್ಲಿಂದ ಹೋಗುವ ಎಷ್ಟೋ ಪತ್ರಗಳು ನಡತೆ ಪ್ರಮಾಣಪತ್ರದ ಧಾಟಿಯಲ್ಲೇ ಇರುತ್ತವೆ: ಶ್ರಮಜೀವಿ, ಪ್ರಾಮಾಣಿಕ, ವಿಧೇಯ, ಉತ್ತಮ ನಡತೆಯುಳ್ಳವರು. ನೂರಾರು ಅರ್ಜಿ ಓದುವ ಕಾರ್ಯಕ್ರಮ ನಿರ್ದೇಶಕರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಈ ವೈದ್ಯರನ್ನು ರಾತ್ರಿ ಪಾಳಿಯಲ್ಲಿ ವಾರ್ಡಿಗೆ ಬಿಟ್ಟರೆ ಎಷ್ಟು ಮೇಲ್ವಿಚಾರಣೆ ಬೇಕಾಗುತ್ತದೆ ಎಂಬುದು ಅವರ ಪ್ರಶ್ನೆ. ಅಮೆರಿಕದ ತುರ್ತು ಚಿಕಿತ್ಸಾ ವಿಭಾಗದವರು 1990ರ ದಶಕದಲ್ಲೇ ಇದಕ್ಕಾಗಿ ನಿಗದಿತ ನಮೂನೆ ರೂಪಿಸಿದರು. ಓರಗೆಯವರ ಜೊತೆ ಹೋಲಿಸಿದರೆ ಅಭ್ಯರ್ಥಿ ಎಲ್ಲಿ ನಿಲ್ಲುತ್ತಾರೆ ಎಂದು ಅದು ನೇರವಾಗಿ ಕೇಳುತ್ತದೆ. ನಮ್ಮ ವಾರ್ಡಿನದೇ ಉದಾಹರಣೆ ನೋಡಿ. ಡೆಂಗಿ ರೋಗಿಯ ಜ್ವರ ಇಳಿದಿದೆ, ಮನೆಯವರು ನಿರಾಳವಾಗಿದ್ದಾರೆ, ಬಿ.ಪಿ.ಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ ಕುಗ್ಗುತ್ತಿರುವುದನ್ನು ಇಂಟರ್ನ್ ಒಬ್ಬಳು ಗಮನಿಸಿ, ನಡುರಾತ್ರಿ ಹಿರಿಯರನ್ನು ಎಬ್ಬಿಸುತ್ತಾಳೆ. ಈ ಒಂದು ಘಟನೆಯನ್ನು ಇದ್ದಂತೆ ಬರೆದರೆ ಹತ್ತು ವಿಶೇಷಣಗಳ ಅಗತ್ಯ ಬೀಳುವುದಿಲ್ಲ. ತನ್ನ ಪತ್ರವನ್ನು ತಾನೇ ಬರೆದುಕೊಳ್ಳಬೇಕಾದ ಹುಡುಗಿ ಇದನ್ನು ಬರೆಯುವುದಿಲ್ಲ. ಸಂಕೋಚ ಅಡ್ಡ ಬರುತ್ತದೆ, ಇಲ್ಲವೇ ಅದು ಹೇಳಿಕೊಳ್ಳುವಂಥದ್ದು ಎಂದೇ ಅವಳಿಗೆ ಹೊಳೆಯುವುದಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಮಾದರಿಗೆ ತನ್ನ ಹೆಸರು ಸೇರಿಸುತ್ತಾಳೆ.

ಇದಕ್ಕಿಂತ ಗಂಭೀರವಾದದ್ದು ಗೋಪ್ಯತೆಯ ವಿಷಯ. ಪತ್ರವನ್ನು ಓದುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಅಭ್ಯರ್ಥಿಗಳು ಸಾಮಾನ್ಯವಾಗಿ ಘೋಷಿಸುತ್ತಾರೆ. ಹಾಗೆ ಘೋಷಿಸದ ಪತ್ರವನ್ನು ಓದುವವರು ಅಷ್ಟಾಗಿ ನಂಬುವುದಿಲ್ಲ. ಪ್ರತಿ ಪತ್ರಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆ ಇರುತ್ತದೆ. ಬರೆದವರು ಅಥವಾ ಅವರು ನೇಮಿಸಿದವರು ಅದನ್ನು ಅಪ್‌ಲೋಡ್ ಮಾಡಬೇಕೇ ಹೊರತು ಅಭ್ಯರ್ಥಿ ಮಾಡುವಂತಿಲ್ಲ. ಪ್ರತಿಯೊಂದು ವಾಕ್ಯವನ್ನೂ ತಾನೇ ಬರೆದವನು ಆ ಘೋಷಣೆ ಮಾಡುವುದು ಹೇಗೆ? ‘ನನಗೆ ಕಂಪ್ಯೂಟರ್ ಬರಲ್ಲ, ನೀನೇ ಹಾಕ್ಕೊಂಡುಬಿಡು’ ಎಂದು ಗುರುಗಳು ಹೇಳಿದರಂತೂ ಮುಗಿಯಿತು. ವಿದೇಶಿ ಪದವೀಧರರ ಅರ್ಹತೆ ಪರಿಶೀಲಿಸುವ ಇಸಿಎಫ್‌ಎಂಜಿ ಸಂಸ್ಥೆ ನಕಲಿ ದಾಖಲೆಗಳನ್ನು ಅಕ್ರಮ ನಡವಳಿಕೆ ಎಂದು ಪರಿಗಣಿಸುತ್ತದೆ. ಆ ಟಿಪ್ಪಣಿ ಅಭ್ಯರ್ಥಿಯ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯಬಹುದು. ಕರಡು ಕೇಳುವ ಪ್ರಾಧ್ಯಾಪಕರು ಅಮೆರಿಕದಲ್ಲೂ ಇದ್ದಾರೆ, ನಿಜ. ಆದರೆ ಕರಡು ಪಡೆದು ತಮ್ಮ ಮಾತಿನಲ್ಲಿ ತಿದ್ದಿ ಬರೆಯುವುದು ಬೇರೆ, ಓದದೆ ಸಹಿ ಹಾಕುವುದು ಬೇರೆ. ‘ಬರ್ಕೊಂಡು ಬಾ’ ಎಂದವರಿಗೆ ಯಾವ ಅಪಾಯವೂ ಇಲ್ಲ. ಬೇಡ ಎನ್ನಲಾಗದ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗ ಹುಡುಗಿಯರು ಅದನ್ನು ಹೊರುತ್ತಾರೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಸಂಗತಿ ಇದು.

ಇಲ್ಲಿ ಸಿಗದ್ದನ್ನು ಅಲ್ಲಿ ಕೊಂಡುಕೊಳ್ಳಲು ಹೋಗುವವರೂ ಇದ್ದಾರೆ. ಪದವಿ ಮುಗಿದ ಮೇಲೆ ವಿದೇಶಿಯರಿಗೆ ಅಮೆರಿಕದ ಆಸ್ಪತ್ರೆಗಳಲ್ಲಿ ಬಹುಪಾಲು ದೊರೆಯುವುದು ಅಬ್ಸರ್ವರ್‌ಶಿಪ್. ರೋಗಿಯನ್ನು ಮುಟ್ಟುವಂತಿಲ್ಲ, ನಿಂತು ನೋಡಬೇಕು. ಇದನ್ನು ಮಧ್ಯವರ್ತಿಗಳು ಸಾವಿರಾರು ಡಾಲರಿಗೆ, ‘ಲೆಟರ್ ಗ್ಯಾರಂಟಿ’ ಎಂದು ಮಾರುತ್ತಾರೆ. ಕೆಲಸ ಮಾಡಿದ್ದನ್ನೇ ಕಾಣದ ವೈದ್ಯರು ಏನೆಂದು ಬರೆದಾರು? ರೋಗಿಗಳ ಆರೈಕೆಯಲ್ಲಿ ನೇರವಾಗಿ ತೊಡಗುವ ಎಲೆಕ್ಟಿವ್ ಅವಕಾಶ ಇರುವುದು ಮುಖ್ಯವಾಗಿ ಓದುತ್ತಿರುವಾಗಲೇ. ಈ ಮಾಹಿತಿಯನ್ನು ಕಾಲೇಜುಗಳು ಮೂರನೇ ವರ್ಷದಲ್ಲೇ ಕೊಟ್ಟರೆ ಎಷ್ಟೋ ತಂದೆ–ತಾಯಂದಿರ ಸಾಲ ತಪ್ಪುತ್ತದೆ.

ಸರ್ಕಾರಿ ಹಣದಲ್ಲಿ ಓದಿ ಹೊರದೇಶಕ್ಕೆ ಹೋಗುವವರಿಗೆ ಇಷ್ಟೆಲ್ಲ ಮಾಡಬೇಕೇ ಎಂಬ ಪ್ರಶ್ನೆ ಸಹಜ. ಹೋಗುವವರು ಹೇಗಿದ್ದರೂ ಹೋಗುತ್ತಾರೆ. ಆದರೆ ಇಂಟರ್ನ್ ಬಗ್ಗೆ ನಿಜವಾಗಿ ಬರೆಯಬೇಕಾದ ಬೋಧಕರು ಇಂಟರ್ನ್ ಜೊತೆ ವಾರ್ಡಿನಲ್ಲಿ ನಿಲ್ಲಲೇಬೇಕಾಗುತ್ತದೆ. ಅದರ ಲಾಭ ಇಲ್ಲೇ ಉಳಿದು ಜಿಲ್ಲಾ ಆಸ್ಪತ್ರೆ ಸೇರುವ ಉಳಿದವರಿಗೂ ಅವರ ರೋಗಿಗಳಿಗೂ ಸಿಗುತ್ತದೆ. ಬ್ಯಾಚಿಗೆ 150ರಿಂದ 250 ವಿದ್ಯಾರ್ಥಿಗಳು, ಹೊರರೋಗಿ ವಿಭಾಗದಲ್ಲಿ ಮುಗಿಯದ ಸಾಲು, ಇದರ ನಡುವೆ ಮುಖ್ಯಸ್ಥರಿಗೆ ಎಲ್ಲರ ಮುಖ ನೆನಪಿರಲಿ ಎಂದು ಬಯಸುವುದು ತಪ್ಪು. ಆದರೆ ಯೂನಿಟ್‌ನ ಸಹಾಯಕ ಪ್ರಾಧ್ಯಾಪಕರಿಗೆ ನೆನಪಿರುತ್ತದೆ. ಒಂದು ವರ್ಷದ ಇಂಟರ್ನ್‌ಶಿಪ್‌ಗೆ ಲಾಗ್‌ಬುಕ್ ಈಗಾಗಲೇ ಇದೆ. ಪ್ರತಿ ಪೋಸ್ಟಿಂಗ್ ಮುಗಿದಾಗ ಅವರು ಅದರಲ್ಲಿ ಸಹಿಯ ಜೊತೆಗೆ ತಾವು ಕಂಡ ಒಂದು ಸಂಗತಿಯನ್ನೂ ಬರೆಯುವಂತೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸೂಚಿಸಬಹುದು. ಅದಕ್ಕೆ ಹೊಸ ಹುದ್ದೆ, ಹೊಸ ಅನುದಾನ ಬೇಕಿಲ್ಲ.

ವಿದ್ಯಾರ್ಥಿಗಳೂ ದೊಡ್ಡ ಹುದ್ದೆಯ ಹಿಂದೆ ಬೀಳುವುದನ್ನು ಬಿಡಬೇಕು. ನಿಮ್ಮ ಹೆಸರು ನೆನಪಿಲ್ಲದ ನಿರ್ದೇಶಕರ ಲೆಟರ್‌ಹೆಡ್‌ಗಿಂತ ನಿಮ್ಮ ಜೊತೆ ರೌಂಡ್ಸ್ ಮಾಡಿದವರ ಒಂದು ಪುಟ ಮೇಲು. ಪೋಸ್ಟಿಂಗ್ ಮುಗಿದ ವಾರದಲ್ಲೇ ಕೇಳಿ. ‘ನನ್ನ ಬಗ್ಗೆ ಚೆನ್ನಾಗಿ ಬರೆಯುವಷ್ಟು ನನ್ನ ಕೆಲಸ ನೋಡಿದ್ದೀರಾ ಸರ್’ ಎಂದೇ ಕೇಳಿ. ಉತ್ತರಿಸಲು ಅವರು ತಡವರಿಸಿದರೆ ಬೇರೆಯವರನ್ನು ಕಾಣಿ. ಕರಡಿನ ಬದಲು ಅವರ ಯೂನಿಟ್‌ನಲ್ಲಿ ಜೊತೆಯಾಗಿ ನೋಡಿದ ನಾಲ್ಕೈದು ಕೇಸುಗಳನ್ನು ನೆನಪಿಸುವ ಒಂದು ಹಾಳೆಯನ್ನು, ರೋಗಿಗಳ ಹೆಸರಿಲ್ಲದೆ, ನಿಮ್ಮ ಬಯೋಡೇಟಾ ಜೊತೆ ಕೊಟ್ಟು ಬನ್ನಿ.