ಡಬ್ಬಿಯ ಮೇಲಿನ ಮಾತು

ಮಕ್ಕಳೇ, ಕಳೆದ ವಾರ ಬೆಳ್ತಂಗಡಿ ಕಡೆಯ ಒಂದು ಮನೆಗೆ ಎರಡು ತಿಂಗಳ ಕೂಸನ್ನು ನೋಡಲು ಹೋಗಿದ್ದೆ. ದುಬೈಯಿಂದ ರಜೆಯಲ್ಲಿ ಬಂದ ಮಾವ ಹಾಲುಪುಡಿಯ ದೊಡ್ಡ ಡಬ್ಬಿ ತಂದಿದ್ದರು. ಅದರ ಮೇಲೆ ‘ಮಿದುಳಿನ ಬೆಳವಣಿಗೆಗೆ’ ಎಂದು ಬರೆದಿತ್ತು. “ತಾಯಿಗೆ ಹಾಲು ಬೇಕಾದಷ್ಟಿದೆ. ಆದರೂ ಇದನ್ನು ಕೊಟ್ಟರೆ ಮಗು ಬುದ್ಧಿವಂತ ಆಗ್ತದಂತೆ, ಹೌದಾ ಮಾಸ್ಟ್ರೇ?” ಎಂದು ಅಜ್ಜಿ ಕೇಳಿದರು.

ಶಾಲೆಯಲ್ಲಿ ನೀವು ಹೆಸರುಕಾಳು ಬಿತ್ತಿದ್ದೀರಲ್ಲ? ಗೊಬ್ಬರ ಹಾಕಿದ ಗಿಡ ಚೆನ್ನಾಗಿ ಬೆಳೆಯಿತು ಎಂದರೆ ಸಾಲದು. ಗೊಬ್ಬರ ಹಾಕದ ಇನ್ನೊಂದು ಕುಂಡವೂ ಪಕ್ಕದಲ್ಲಿರಬೇಕು. ನೀರು, ಬಿಸಿಲು ಎರಡಕ್ಕೂ ಸಮ ಇರಬೇಕು. ಹಾಲುಪುಡಿಗೂ ಇದೇ ಪರೀಕ್ಷೆ.

ಇಂಗ್ಲೆಂಡಿನಲ್ಲಿ 1993ರಿಂದ 2001ರ ನಡುವೆ ಇಂಥ 7 ಪ್ರಯೋಗಗಳು ನಡೆದವು. ಹಾಲುಪುಡಿ ಕುಡಿಯುತ್ತಿದ್ದ ಕೆಲವು ಶಿಶುಗಳಿಗೆ ಸಾದಾ ಪುಡಿ, ಕೆಲವರಿಗೆ ಹೆಚ್ಚಿನ ಪೋಷಕಾಂಶ ಸೇರಿಸಿದ ಪುಡಿ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ. ಆ 1,763 ಮಕ್ಕಳು ದೊಡ್ಡವರಾಗಿ 16ನೆಯ ವಯಸ್ಸಿನಲ್ಲಿ ಪಡೆದ ಗಣಿತದ ಅಂಕಗಳನ್ನು ಸಂಶೋಧಕರು ಹೋಲಿಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು: ವಿಶೇಷ ಪುಡಿ ಕುಡಿದವರಿಗೆ ಹೆಚ್ಚು ಅಂಕ ಬಂದಿರಲಿಲ್ಲ!

2023ರಲ್ಲಿ ಇನ್ನೊಂದು ತಂಡ ಭಾರತವೂ ಸೇರಿ 15 ದೇಶಗಳ ಹಾಲುಪುಡಿಗಳನ್ನು ನೋಡಿತು. ‘ಇದರಿಂದ ಈ ಲಾಭ’ ಎಂದು ಹೇಳಿಕೊಂಡವು 608. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಯಾವ ಅಧ್ಯಯನವನ್ನೂ ಆಧಾರವಾಗಿ ತೋರಿಸಿರಲಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ 1992ರಿಂದಲೇ ಕಾನೂನಿದೆ. ಶಿಶುಗಳ ಹಾಲುಪುಡಿಗೆ ಜಾಹೀರಾತು ಮಾಡುವಂತಿಲ್ಲ. ಬಿ.ಸಿ. ರೋಡಿನಲ್ಲಾಗಲಿ ಮೂಡುಬಿದಿರೆ ಪೇಟೆಯಲ್ಲಾಗಲಿ ಮೆಡಿಕಲ್ ಅಂಗಡಿಯ ಡಬ್ಬಿ ನೋಡಿ: ಅದರಲ್ಲಿ ತಾಯಿಯ, ಮಗುವಿನ ಚಿತ್ರ ಇರಬಾರದು, ತಾಯಿಹಾಲೇ ಶ್ರೇಷ್ಠ ಎಂಬ ಸೂಚನೆ ಇರಲೇಬೇಕು.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಮಗು ಚೀಪಿದಷ್ಟೂ ತಾಯಿಗೆ ಹಾಲು ಬರುತ್ತದೆ. ಪುಡಿಹಾಲಿನಿಂದ ಹೊಟ್ಟೆ ತುಂಬಿದರೆ ಚೀಪುವುದು ಕಡಿಮೆ, ಹಾಲೂ ಕಡಿಮೆ. ಮೊದಲ ಆರು ತಿಂಗಳು ತಾಯಿಹಾಲೇ ಸಾಕು, ನೀರು ಕೂಡ ಬೇಡ. ನಿಜವಾಗಿ ಪುಡಿಹಾಲು ಬೇಕಾಗುವ ಕೂಸುಗಳೂ ಇವೆ. ಅಂಥ ತಾಯಂದಿರನ್ನು ಚುಚ್ಚಿ ಮಾತಾಡಬೇಡಿ. ವೈದ್ಯರನ್ನು ಕೇಳಿ, ಹೇಳಿದ ಅಳತೆಯಲ್ಲೇ ಕಲಸಿ. ಉಳಿತಾಯಕ್ಕೆಂದು ನೀರು ಹೆಚ್ಚಿಸಿದರೆ ಮಗು ಸೊರಗುತ್ತದೆ.

ಮಕ್ಕಳೇ, ಈ ವಾರದ ಕೆಲಸ: ಮನೆಯಲ್ಲಿರುವ ಯಾವುದಾದರೂ ತಿಂಡಿ ಪೊಟ್ಟಣದ ಮೇಲಿನ ಹೊಗಳಿಕೆಯನ್ನು ಬರೆದುಕೊಳ್ಳಿ. ಪಕ್ಕದಲ್ಲಿ ಮೂರು ಪ್ರಶ್ನೆ ಬರೆಯಿರಿ: ಯಾವುದರ ಜತೆ ಹೋಲಿಸಿದರು? ಎಷ್ಟು ಜನರಲ್ಲಿ? ಹಣ ಕೊಟ್ಟವರು ಯಾರು?